ಹನ್ನೆರಡು ಬಟ್ಟಲು ಒಳಗಿಡಿ, ಒಂದು ಪಾತ್ರೆ ಹೊರಗೆ ತೆಗೆಯಿರಿ

ನಮಸ್ಕಾರ. ಇವತ್ತು ಮಾತಾಡಬೇಕಿದ್ದ ವಿಷಯ ಬೇರೆ. ಚಾಕು ಹರಿತ ಮಾಡುವುದರ ಬಗ್ಗೆ ಚೆನ್ನಾಗಿ ಬರೆದಿಟ್ಟಿದ್ದೆ. ಅದು ಮುಂದಿನ ವಾರಕ್ಕೆ ಹೋಯಿತು. ಯಾಕೆಂದರೆ ನಿನ್ನೆ ರಾತ್ರಿ ಮಲಗುವ ಹೊತ್ತಿಗೆ ಕಾಮೆಂಟ್ ಓದುವ ತಪ್ಪು ಮಾಡಿದೆ. ನಿದ್ದೆ ಬರಲಿಲ್ಲ.

ಕಾಮೆಂಟ್ ಓದುತ್ತೇನೆ, ಕೇಳಿ. "ಸರ್, ಫಾಂಡ್ಯೂ ವಿಡಿಯೋ ಚೆನ್ನಾಗಿತ್ತು. ಆದರೆ ಒಂದೇ ಪಾತ್ರೆಗೆ ಎಲ್ಲರೂ ಫೋರ್ಕ್ ಅದ್ದುವುದು ನೋಡಿ ಒಂಥರಾ ಆಯಿತು. ನಾನು ಚೀಸ್ ಕರಗಿಸಿ ಹನ್ನೆರಡು ಚಿಕ್ಕ ಬಟ್ಟಲಿಗೆ ಹಾಕಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟೆ. ನೀವೂ ಟ್ರೈ ಮಾಡಿ."

ನೀವೂ ಟ್ರೈ ಮಾಡಿ ಅಂತೆ!

ಇದಕ್ಕೆ 340 ಲೈಕ್ ಬಂದಿದೆ. ನನ್ನ ವಿಡಿಯೋಗೆ ಅಷ್ಟು ಬಂದಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ, ಬಟನ್ ಎಲ್ಲಿದೆ ಅಂತ ನಿಮಗೆ ಗೊತ್ತಿದೆ. ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಫಾಂಡ್ಯೂ ಅಂದರೆ ಒಂದೇ ಪಾತ್ರೆ. ಮೇಜಿನ ನಡುವೆ, ಸಣ್ಣ ಉರಿಯ ಮೇಲೆ, ಒಳಗೆ ವೈನ್‌ನಲ್ಲಿ ಕರಗಿಸಿದ ಚೀಸ್, ಸುತ್ತ ಫೋರ್ಕಿಗೆ ಬ್ರೆಡ್ ಚುಚ್ಚಿ ಅದ್ದುವ ಜನ. ಬಟ್ಟಲಿಗೆ ಹಾಕಿದ ಕ್ಷಣ ಅದು ಕರಗಿದ ಚೀಸ್. ಕರಗಿದ ಚೀಸ್ ತಿನ್ನಬೇಡಿ ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ಫಾಂಡ್ಯೂ ಅನ್ನಬೇಡಿ, ಅಷ್ಟೇ.

ಬಟ್ಟಲಿನ ಗತಿ ಏನಾಗುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಒಬ್ಬ ಸ್ನೇಹಿತರ ಮನೆ, ಹೆಸರು ಬೇಡ, ಅವರು ಈ ಚಾನೆಲ್ ನೋಡುತ್ತಾರೆ. ಹನ್ನೊಂದು ಜನ ಊಟಕ್ಕೆ ಕೂತಿದ್ದೆವು. ಅವರು ಅಡುಗೆ ಮನೆಯಿಂದ ಪುಟ್ಟ ಪುಟ್ಟ ಬಿಳಿ ಬಟ್ಟಲು ತಂದು ಒಂದೊಂದಾಗಿ ಇಡುತ್ತಾ ಬಂದರು. ನಂದು ಮೊದಲನೆಯದು. ಎಲ್ಲರಿಗೂ ಬರಲಿ ಅಂತ ಮರ್ಯಾದೆಗೆ ಕಾದೆ. ಕೊನೆಯ ಬಟ್ಟಲು ಬರುವ ಹೊತ್ತಿಗೆ ನನ್ನದರ ಮೇಲೆ ಕೆನೆ ಕಟ್ಟಿತ್ತು. ಬ್ರೆಡ್ ಅದ್ದಿದೆ, ಇಳಿಯಲಿಲ್ಲ. ಸ್ವಲ್ಪ ಒತ್ತಿದೆ. ಒಳಗಿದ್ದ ಚೀಸ್ ಪೂರ್ತಿ ಒಂದೇ ಬಿಲ್ಲೆಯಾಗಿ, ಡಬ್ಬಿಯ ಮುಚ್ಚಳದ ಹಾಗೆ, ಫೋರ್ಕ್ ಜೊತೆ ಮೇಲೆದ್ದು ಬಂತು. ಕೆಳಗೆ ಬಟ್ಟಲು ತೊಳೆದಿಟ್ಟ ಹಾಗೆ ಫಳಫಳ. ಪಕ್ಕದಲ್ಲಿದ್ದವರು ನನ್ನನ್ನೇ ನೋಡುತ್ತಿದ್ದರು. ನಾನು ಆ ಬಿಲ್ಲೆಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡೆ. ಇನ್ನೇನು ಮಾಡಲಿ, ವಾಪಸ್ ಇಡಲಾ?

ಹೀಗೆ ಯಾಕೆ ಆಗುತ್ತದೆ ಅಂತ ಸ್ವಲ್ಪ ಗಮನ ಕೊಟ್ಟು ಕೇಳಿ, ಇವತ್ತಿನ ವಿಡಿಯೋದಲ್ಲಿ ಬುದ್ಧಿವಂತಿಕೆಯ ಭಾಗ ಅಂತ ಇದ್ದರೆ ಇದೇ. ಚೀಸ್ ಅಂದರೆ ಹಾಲಿನ ಪ್ರೋಟೀನಿನ ಬಲೆ. ಅದನ್ನು ಹಿಡಿದಿಟ್ಟಿರುವುದು ಕ್ಯಾಲ್ಸಿಯಂ, ಬಲೆಯ ನಡುವೆ ಸಿಕ್ಕಿಕೊಂಡಿರುವುದು ಕೊಬ್ಬು. ಸುಮ್ನೆ ಕಾಯಿಸಿದರೆ ಬಲೆ ಬಿಗಿಯಾಗಿ ಮುದುಡುತ್ತದೆ, ಕೊಬ್ಬು ಹೊರಗೆ ಬರುತ್ತದೆ. ಮೇಲೆ ಎಣ್ಣೆ, ಕೆಳಗೆ ರಬ್ಬರ್ ಗಂಟು. ನನ್ನ ಮೊದಲ ಫಾಂಡ್ಯೂ ಹಾಗೇ ಆಗಿತ್ತು. ದೊಡ್ಡ ಉರಿಯಲ್ಲಿ ಕುದಿಸಿಬಿಟ್ಟಿದ್ದೆ. ಅದನ್ನು ಚಾಕುವಿನಲ್ಲಿ ಕತ್ತರಿಸಿ ತಿಂದೆವು. ವೈನ್ ಹಾಕುವುದು ಸುಮ್ನೆ ಶೋಕಿಗೆ ಅಂತ ಆಗ ನಾನೂ ಅಂದುಕೊಂಡಿದ್ದೆ. ಶೋಕಿಗಲ್ಲ ಮಾರಾಯರೇ. ಹುಳಿ ಇರುವ ಬಿಳಿ ವೈನ್‌ನಲ್ಲಿ ಟಾರ್ಟಾರಿಕ್ ಆಮ್ಲ ಇರುತ್ತದೆ. ಅದು ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ, ಬಲೆ ಸಡಿಲವಾಗುತ್ತದೆ, ಚೀಸ್ ಗಂಟು ಕಟ್ಟದೆ ಹರಿಯುತ್ತದೆ. ಕಾರ್ನ್‌ಫ್ಲೋರ್ ಹಾಕುವುದೂ ಅದಕ್ಕೇ, ಪ್ರೋಟೀನುಗಳು ಮತ್ತೆ ಒಂದಕ್ಕೊಂದು ಅಂಟಿಕೊಳ್ಳದಿರಲಿ ಅಂತ. ವೈನ್ ಬೇಡ ಅನ್ನುವವರು ಸಿಹಿ ಹಾಕದ ಸೇಬಿನ ರಸಕ್ಕೆ ನಿಂಬೆ ಹಿಂಡಿಕೊಳ್ಳಿ, ನಡೆಯುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಅದು ಹಾಗೇ ಇರಬೇಕಾದರೆ ಎರಡು ಬೇಕು. ಕೆಳಗಿನಿಂದ ಸಣ್ಣ ಬಿಸಿ, ಮೇಲಿನಿಂದ ಸದಾ ಕಲಕುವ ಕೈ. ಪಾತ್ರೆಯ ಸುತ್ತ ಐದು ಜನ ಕೂತು ಬ್ರೆಡ್ ಅದ್ದಿ, ತಳ ಮುಟ್ಟಿಸಿ, ಒಂದು ಸುತ್ತು ತಿರುಗಿಸಿ ತೆಗೆದರೆ ಕಲಕುವ ಕೆಲಸ ಅದೇ. ಅತಿಥಿಗಳೇ ಸೌಟು! ನಿಮ್ಮ ಬಟ್ಟಲಿನ ಕೆಳಗೆ ಉರಿ ಎಲ್ಲಿದೆ? ಕಲಕುವವರು ಯಾರು? ಪಾಪ, ಒಬ್ಬೊಬ್ಬರೇ ಕೂತು ತಮ್ಮ ತಮ್ಮ ಬಟ್ಟಲನ್ನು ಕೆರೆಯುತ್ತಿರುತ್ತಾರೆ.

ಒಂದೇ ಪಾತ್ರೆ. ಮುಂದೆ ಹೋಗೋಣ.

ಈಗ ಎಂಜಲಿನ ವಿಷಯ. ಆ ಕಾಮೆಂಟಿನ ಕೆಳಗೆ ಎಲ್ಲರದ್ದೂ ಅದೇ ಗೋಳು. ಎಂಜಲು, ಎಂಜಲು, ಎಂಜಲು. ಉದ್ದನೆಯ ಫೋರ್ಕ್ ಕೊಡುವುದು ಪಾತ್ರೆಯಿಂದ ತಟ್ಟೆಯವರೆಗೆ ತರುವುದಕ್ಕೆ. ಬ್ರೆಡ್ಡನ್ನು ತಟ್ಟೆಯ ಮೇಲೆ ಬಿಡಿಸಿಕೊಳ್ಳಿ, ಊಟದ ಫೋರ್ಕಿನಲ್ಲಿ ತಿನ್ನಿ. ಉದ್ದನೆಯದು ಬಾಯಿಗೆ ಹೋಗಲೇಬೇಕಾಗಿಲ್ಲ. ನೇರವಾಗಿಯೇ ತಿನ್ನುತ್ತೇನೆ ಅಂದರೆ ಹಲ್ಲಿನ ತುದಿಯಲ್ಲಿ ಕಚ್ಚಿ ಎಳೆಯಿರಿ, ತುಟಿ ನಾಲಿಗೆ ಫೋರ್ಕಿಗೆ ತಾಗಬಾರದು. ಹಿಡಿಕೆಯ ತುದಿಗೆ ಬೇರೆ ಬೇರೆ ಬಣ್ಣ ಹಚ್ಚಿರುತ್ತಾರಲ್ಲ, ಯಾರದ್ದು ಯಾವುದು ಅಂತ ಗೊತ್ತಾಗಲಿ ಅಂತಲೇ ಅದು. ಕೆಂಪು ನಂದು. ಯಾವತ್ತೂ ಕೆಂಪು ನಂದೇ, ಅದರಲ್ಲಿ ಚರ್ಚೆ ಇಲ್ಲ. ಇಷ್ಟು ಹೇಳಿದ ಮೇಲೂ ಎಂಜಲು ಅನ್ನುವವರು ಪಾಪ್‌ಕಾರ್ನ್ ಡಬ್ಬಿಗೆ ಹೇಗೆ ಕೈ ಹಾಕುತ್ತಾರೋ ನನಗೆ ಗೊತ್ತಿಲ್ಲ.

ಇನ್ನೊಬ್ಬರು ಬರೆದಿದ್ದಾರೆ, "ಸ್ವಿಟ್ಜರ್ಲೆಂಡಿನ ಸಂಪ್ರದಾಯ ಅಂತೆಲ್ಲ ಹೇಳಬೇಡಿ, ಅದು ಚೀಸ್ ಮಾರುವವರು ಹುಟ್ಟಿಸಿದ ಜಾಹೀರಾತು." ಓದಿಕೊಂಡು ಬಂದಿದ್ದಾರೆ, ಪರವಾಗಿಲ್ಲ. ಅರ್ಧ ನಿಜ ಕೂಡ. ಸ್ವಿಸ್ ಚೀಸ್ ಯೂನಿಯನ್ ಅಂತ ಚೀಸ್ ವ್ಯಾಪಾರದ ಒಂದು ಸಂಘ ಇತ್ತು, 1914ರಲ್ಲಿ ಶುರುವಾಗಿ 1999ರಲ್ಲಿ ಮುಚ್ಚಿತು. ಚೀಸ್ ಜಾಸ್ತಿ ಖರ್ಚಾಗಲಿ ಅಂತ 1930ರ ದಶಕದಿಂದ ಅವರು ಫಾಂಡ್ಯೂವನ್ನು ಇಡೀ ದೇಶದ ತಿನಿಸು ಅಂತ ಮೆರೆಸಿದರು. ಅದಕ್ಕೂ ಮೊದಲು ಅದು ಹೆಚ್ಚಾಗಿ ಪಶ್ಚಿಮದ, ಫ್ರೆಂಚ್ ಮಾತಾಡುವ ಕಡೆಯದ್ದು. ಹೆಸರೂ ಅಲ್ಲಿಯದೇ, ಫ್ರೆಂಚಿನಲ್ಲಿ ಫಾಂಡ್ರ್ ಅಂದರೆ ಕರಗಿಸು. ಆದರೆ ಚೀಸನ್ನು ವೈನ್‌ನಲ್ಲಿ ಬೇಯಿಸುವ ವಿಧಾನ 1699ರಲ್ಲೇ ಜ್ಯೂರಿಕ್‌ನ ಒಂದು ಅಡುಗೆ ಬರಹದಲ್ಲಿ ಸಿಗುತ್ತದೆ. ಆಗ ಯಾವ ಯೂನಿಯನ್ ಇತ್ತು? ಅದೂ ಅಲ್ಲದೆ ಜಾಹೀರಾತು ಅಂತಲೇ ಇಟ್ಟುಕೊಳ್ಳೋಣ. ಆ ಜಾಹೀರಾತು ತೋರಿಸಿದ್ದು ಏನನ್ನು? ಒಂದು ಪಾತ್ರೆ, ಸುತ್ತ ಜನ. ಚೀಸ್ ಮಾರುವವರಿಗೂ ಗೊತ್ತಿತ್ತು ಸ್ವಾಮಿ! ಒಂದೇ ಪಾತ್ರೆ!

ಮತ್ತೊಬ್ಬ ಮಹಾನುಭಾವರು, "ಸೋಡಿಯಂ ಸಿಟ್ರೇಟ್ ಹಾಕಿದರೆ ಬಟ್ಟಲಿನಲ್ಲೂ ಒಡೆಯುವುದಿಲ್ಲ" ಅಂದಿದ್ದಾರೆ. ಹೌದು, ಒಡೆಯುವುದಿಲ್ಲ. ಅದೊಂದು ಲವಣ, ವೈನ್‌ನ ಆಮ್ಲದ ಹಾಗೇ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. 1911ರಲ್ಲಿ ಸ್ವಿಟ್ಜರ್ಲೆಂಡಿನ ಥುನ್ ಊರಿನಲ್ಲಿ ವಾಲ್ಟರ್ ಗರ್ಬರ್ ಮತ್ತು ಫ್ರಿಟ್ಜ್ ಸ್ಟೆಟ್ಲರ್ ಎಮೆಂಟಾಲ್ ಚೀಸ್‌ಗೆ ಸಿಟ್ರೇಟ್ ಹಾಕಿ ಅದನ್ನೇ ಮಾಡಿದರು. ಅದನ್ನು ಪ್ರೊಸೆಸ್ಡ್ ಚೀಸ್ ಅನ್ನುತ್ತಾರೆ. ನಿಮ್ಮ ಬಟ್ಟಲಿಗೆ ಅದೇ ಸರಿಯಾದ ಜೋಡಿ, ಸುಖವಾಗಿರಿ.

ಮಾಡುವುದು ಹೇಗೆ ಅಂತ ಹಳೆಯ ವಿಡಿಯೋದಲ್ಲಿ ಇದೆ, ನೋಡಿಲ್ಲದಿದ್ದರೆ ನೋಡಿ, ಪೂರ್ತಿ ನೋಡಿ, ಮಧ್ಯದಲ್ಲಿ ಓಡಿಸಬೇಡಿ, ನನಗೆ ಗ್ರಾಫ್‌ನಲ್ಲಿ ಕಾಣುತ್ತದೆ. ಬೇಗ ಹೇಳಿಬಿಡುತ್ತೇನೆ. ಒಬ್ಬರಿಗೆ 200 ಗ್ರಾಂ ಚೀಸ್. ನಾಲ್ಕು ಜನಕ್ಕೆ 800 ಗ್ರಾಂ, ಸುಮಾರು 350 ಮಿಲಿ ವೈನ್, ನಾಲ್ಕು ಟೀ ಚಮಚ ಕಾರ್ನ್‌ಫ್ಲೋರ್. ಅರ್ಧ ಗ್ರುಯೇರ್, ಅರ್ಧ ವಾಶರಾನ್ ಫ್ರಿಬೂರ್ಜ್ವಾ, ಎರಡೂ ಸ್ವಿಸ್ ಚೀಸ್, ಹಾಕಿದರೆ ಅದಕ್ಕೆ ಮ್ವಾತ್ಯೇ ಮ್ವಾತ್ಯೇ ಅನ್ನುತ್ತಾರೆ, ಅಂದರೆ ಅರ್ಧ ಅರ್ಧ, ಹೆಸರಿನಲ್ಲೇ ರೆಸಿಪಿ. ವಾಶರಾನ್ ಸಿಗದಿದ್ದರೆ ಎಮೆಂಟಾಲ್. ಚೀಸ್ ನೀವೇ ತುರಿಯಿರಿ. ತುರಿದ ಪ್ಯಾಕೆಟ್‌ನಲ್ಲಿ ಅಂಟಬಾರದು ಅಂತ ಪುಡಿ ಬೆರೆಸಿರುತ್ತಾರೆ, ಕರಗಿದಾಗ ಮರಳು ಮರಳು. ಪಾತ್ರೆಯ ಒಳಗೆ ಬೆಳ್ಳುಳ್ಳಿ ಉಜ್ಜಿ, ವೈನ್ ಬಿಸಿಯಾದ ಮೇಲೆ ಚೀಸನ್ನು ಒಂದೊಂದು ಹಿಡಿ ಹಾಕಿ. ಒಂದು ಹಿಡಿ ಕರಗಿದ ಮೇಲೆ ಇನ್ನೊಂದು. ಕಲಕುವುದು ಎಂಟರ ಆಕಾರದಲ್ಲಿ. ಇಂಗ್ಲಿಷಿನ ಎಂಟು, ನಮ್ಮ ಕನ್ನಡದ ೮ ಅಲ್ಲ. ಕಳೆದ ಸಲ ಇದನ್ನು ಹೇಳಲು ಮರೆತು ಒಬ್ಬರಿಂದ ಬೈಸಿಕೊಂಡೆ. ಕುದಿ ಬರಬಾರದು. ಕೊನೆಗೆ ಕಾಳುಮೆಣಸಿನ ಪುಡಿ, ಜಾಯಿಕಾಯಿ. ಕಿರ್ಶ್, ಅಂದರೆ ಚೆರ್ರಿ ಹಣ್ಣಿನ ಬ್ರಾಂದಿ, ಇದ್ದರೆ ಒಂದು ಗುಟುಕು ಪಾತ್ರೆಗೆ. ಪಾತ್ರೆಗೆ ಅಂದೆ.

ಬ್ರೆಡ್ ಹಿಂದಿನ ದಿನದ್ದಿರಲಿ. ಪ್ರತಿ ತುಂಡಿಗೂ ಒಂದು ಬದಿ ಗಟ್ಟಿ ಸಿಪ್ಪೆ ಇರಬೇಕು. ಫೋರ್ಕನ್ನು ಮೆತ್ತಗಿನ ಕಡೆಯಿಂದ ಚುಚ್ಚಿ ಸಿಪ್ಪೆಯಲ್ಲಿ ನಿಲ್ಲಿಸಿ. ಇಲ್ಲದಿದ್ದರೆ ಬ್ರೆಡ್ ಒಳಗೇ ಮುಳುಗುತ್ತದೆ, ಆಮೇಲೆ ಎಲ್ಲರೂ ಕೂಗುತ್ತಾರೆ, ಕಳೆದುಕೊಂಡವರು ಹಾಡಬೇಕು ಅನ್ನುತ್ತಾರೆ. ನಾನು ಎರಡು ಸಲ ಹಾಡಿದ್ದೇನೆ. ಅದರ ರೆಕಾರ್ಡಿಂಗ್ ಇದೆ, ಸದಸ್ಯರಾದವರಿಗೆ ಮಾತ್ರ. ಈಗ ಹೇಳಿ, ಬಟ್ಟಲಿನಲ್ಲಿ ಬ್ರೆಡ್ ಮುಳುಗಿದರೆ ಯಾರು ಕೂಗುತ್ತಾರೆ? ಯಾರಿಗೂ ಗೊತ್ತೇ ಆಗುವುದಿಲ್ಲ! ನೀವು ಒಬ್ಬರೇ ಚಮಚ ಹಾಕಿ ಹುಡುಕಿಕೊಳ್ಳುತ್ತೀರಿ. ಇದಕ್ಕೆ ಅತಿಥಿಗಳನ್ನು ಯಾಕೆ ಕರೆದಿರಿ?

ತಣ್ಣೀರು ಕುಡಿದರೆ ಚೀಸ್ ಹೊಟ್ಟೆಯಲ್ಲಿ ಕಲ್ಲಾಗುತ್ತದಾ ಅಂತ ಯಾರೋ ಕೇಳಿದ್ದಾರೆ. ಇವತ್ತಿನ ವಿಷಯಕ್ಕೆ ಸಂಬಂಧ ಇಲ್ಲ, ಆದರೂ ಒಂದು ಸಂಗತಿ. 2010ರಲ್ಲಿ ಜ್ಯೂರಿಕ್‌ನ ಸಂಶೋಧಕರು 20 ಜನರಿಗೆ ಫಾಂಡ್ಯೂ ತಿನ್ನಿಸಿ, ಜೊತೆಗೆ ವೈನ್ ಕುಡಿದರೆ ಏನಾಗುತ್ತದೆ, ಕಪ್ಪು ಚಹಾ ಕುಡಿದರೆ ಏನಾಗುತ್ತದೆ ಅಂತ ನೋಡಿದರು. ವೈನ್ ಕುಡಿದಾಗ ಹೊಟ್ಟೆ ಖಾಲಿಯಾಗುವುದು ನಿಧಾನವಾಯಿತು. ಹಾಗಾಗಿ ಚಹಾ ಕುಡಿಯಿರಿ. ನನಗೆ ಕರೆ ಬಂದಿದ್ದರೆ ಆ ಪ್ರಯೋಗಕ್ಕೆ ನಾನು ಕೆಲಸ ಬಿಟ್ಟು ಹೋಗುತ್ತಿದ್ದೆ.

ಈಗ ಮುಖ್ಯವಾದದ್ದು. ತಳ. ಪಾತ್ರೆ ಖಾಲಿಯಾಗುತ್ತಾ ಬಂದಾಗ ತಳದಲ್ಲಿ ಚೀಸ್ ಹಿಡಿದುಕೊಂಡು ಕಂದು ಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ ಫ್ರೆಂಚಿನಲ್ಲಿ ಲಾ ರೆಲಿಜ್ಯೂಸ್ ಅನ್ನುತ್ತಾರೆ, ಸನ್ಯಾಸಿನಿ ಅಂತ ಅರ್ಥ. ಉರಿ ಆರಿಸಿ ಚಾಕುವಿನ ತುದಿ ಹಾಕಿ ನಿಧಾನ ಎಬ್ಬಿಸಿದರೆ ಟಕ್ ಅಂತ ಬಿಡುತ್ತದೆ. ಅಲ್ಲಿಯವರೆಗೆ ಗಲಾಟೆ ಮಾಡುತ್ತಿದ್ದ ಮೇಜು ಆಗ ಗಪ್‌ಚುಪ್. ಎಲ್ಲರ ಕಣ್ಣೂ ಚಾಕುವಿನ ಮೇಲೆ. ಮುರಿದು ಹಂಚಬೇಕು, ಯಾರಿಗೆ ದೊಡ್ಡ ಚೂರು ಹೋಯಿತು ಅಂತ ಎಲ್ಲರೂ ಲೆಕ್ಕ ಇಟ್ಟಿರುತ್ತಾರೆ. ಹೊರಗೆ ಗರಿಗರಿ, ಒಳಗೆ ಇನ್ನೂ ಮೆತ್ತಗೆ, ಸ್ವಲ್ಪ ಸೀದ ವಾಸನೆ. ಆ ಒಂದು ಚೂರಿಗೋಸ್ಕರ ನಾನು ಇಡೀ ಫಾಂಡ್ಯೂ ಮಾಡುತ್ತೇನೆ. ನಿಮ್ಮ ಹನ್ನೆರಡು ಬಟ್ಟಲಿನಲ್ಲಿ ತಳ ಎಲ್ಲಿ ಹಿಡಿಯುತ್ತದೆ ಸ್ವಾಮಿ? ಉರಿಯೇ ಇಲ್ಲ! ತಳ ಇಲ್ಲ, ಹಂಚುವುದಿಲ್ಲ, ಜಗಳ ಇಲ್ಲ! ಒಂದೇ ಪಾತ್ರೆ ಅಂತ ಇನ್ನೆಷ್ಟು ಸಲ ಹೇಳಲಿ?

"ಹನ್ನೆರಡು ಜನಕ್ಕೆ ಒಂದು ಪಾತ್ರೆ ಸಾಲುವುದಿಲ್ಲ." ಗೊತ್ತಿತ್ತು, ಇದು ಬಂದೇ ಬರುತ್ತದೆ ಅಂತ. ಆರು ಜನಕ್ಕಿಂತ ಜಾಸ್ತಿ ಆದರೆ ಎರಡು ಪಾತ್ರೆ ಇಡಿ. ಆಗ ಒಂದೇ ಪಾತ್ರೆ ಅನ್ನುವ ನನ್ನ ಮಾತು ಬಿದ್ದುಹೋಯಿತಲ್ಲ ಅಂತ ನಗಬೇಡಿ, ಬಿದ್ದಿಲ್ಲ. ಒಂದು ಗುಂಪಿಗೆ ಒಂದೇ ಪಾತ್ರೆ. ಇದನ್ನು ಈಗಷ್ಟೇ ಸೇರಿಸಿದೆ ಅಂತ ಅನ್ನಿಸಿದರೆ, ಹೌದು, ಈಗಷ್ಟೇ ಸೇರಿಸಿದೆ. ಚಾನೆಲ್ ನಂದು.

ಇನ್ನೂ ಕಾರಣ ಬೇಕಾ? ಬರೆದುಕೊಂಡಿದ್ದೆ, ಈ ಹಾಳೆಯಲ್ಲಿ ಆರನೆಯ ಕಾರಣ ಅಂತ ಇದೆ, ಪಕ್ಕದಲ್ಲಿ ಬರೀ "ಒಂದೇ ಪಾತ್ರೆ" ಅಂತ ಬರೆದು ಎರಡು ಗೆರೆ ಎಳೆದಿದ್ದೇನೆ. ಏಳನೆಯದರ ಮೇಲೆ ಚೀಸ್ ಬಿದ್ದಿದೆ, ಓದಲು ಆಗುತ್ತಿಲ್ಲ.

ಹಾಂ, ಇದೊಂದಿದೆ. ಊಟ ಆದ ಮೇಲೆ ಪಾತ್ರೆಗೆ ತಣ್ಣೀರು ತುಂಬಿಸಿ ಬಿಟ್ಟು ಮಲಗಿ. ಬಿಸಿನೀರು ಬೇಡ, ಚೀಸ್ ಇನ್ನೂ ಅಂಟಂಟಾಗುತ್ತದೆ. ಬೆಳಿಗ್ಗೆ ಉಜ್ಜಿದರೆ ಐದು ನಿಮಿಷದ ಕೆಲಸ. ಕಾಮೆಂಟ್ ಹಾಕಿದವರೇ, ಆ ಹನ್ನೆರಡು ಬಟ್ಟಲನ್ನು ಯಾರು ತೊಳೆದರು ಅಂತ ಮಾತ್ರ ನನಗೆ ಬರೆದು ತಿಳಿಸಿ. ನೀವು ಅಂತೂ ತೊಳೆದಿಲ್ಲ.