ಮೊದಲು ಬ್ರೇಕ್, ಆಮೇಲೆ ಕಲ್ಲು

ನಮಸ್ಕಾರ. ಬೆಂಗಳೂರಿನಲ್ಲಿ ಟ್ರಯಲ್ಸ್ ಸೈಕಲ್ ಕಲಿಯಬೇಕೆಂದು ನನ್ನ ಬಳಿ ಬರುವವರು ಸಾಮಾನ್ಯವಾಗಿ ಮೊದಲು ಕೇಳುವುದು ಫ್ರೇಮಿನ ವಿಚಾರ. ಯಾವ ದೇಶದಿಂದ ತರಿಸಬೇಕು, ಎಷ್ಟು ತೂಕವಿರಬೇಕು, ಸುಂಕ ಸೇರಿ ಎಷ್ಟಾಗುತ್ತದೆ ಎಂಬ ಲೆಕ್ಕದಲ್ಲೇ ಅವರ ಆರು ತಿಂಗಳು ಕಳೆದುಹೋಗುತ್ತದೆ, ಆ ಆರು ತಿಂಗಳಲ್ಲಿ ಒಂದು ದಿನವೂ ಸೈಕಲ್ ಮೇಲೆ ಅಲುಗಾಡದೆ ನಿಲ್ಲುವ ಅಭ್ಯಾಸ ಆಗಿರುವುದಿಲ್ಲ. ಈ ಕ್ರೀಡೆಯಲ್ಲಿ ಹಣವನ್ನು ಮೊದಲು ಹಾಕಬೇಕಾದದ್ದು ಬ್ರೇಕಿಗೆ, ಸಮಯವನ್ನು ಮೊದಲು ಕೊಡಬೇಕಾದದ್ದು ನಿಲ್ಲುವುದಕ್ಕೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಾಲನ್ನು ನೆಲಕ್ಕೆ ತಾಗಿಸದೆ ಕಲ್ಲು, ಮರದ ದಿಮ್ಮಿ, ಗೋಡೆಗಳನ್ನು ಹತ್ತಿ ಇಳಿಯುವುದು ಈ ಕ್ರೀಡೆಯ ತಿರುಳು. ಸ್ಪೇನಿನ ಕ್ಯಾಟಲೋನಿಯಾದಲ್ಲಿ ೧೯೭೦ರ ದಶಕದಲ್ಲಿ, ಮೊಂಟೆಸಾ ಮೋಟಾರ್‌ಸೈಕಲ್ ಕಂಪನಿಯ ಪೆರೆ ಪಿ ಅವರು ಮೋಟಾರ್‌ಸೈಕಲ್ ಟ್ರಯಲ್ಸ್‌ನ ಕೌಶಲವನ್ನು ತಮ್ಮ ಮಗ ಓಟ್ ಪಿಗೆ ಸೈಕಲ್ ಮೇಲೆ ಕಲಿಸಲು ಹೊರಟಾಗ ಇದಕ್ಕೊಂದು ರೂಪ ಬಂತು. ನಿಂತೇ ಓಡಿಸುವ ಪದ್ಧತಿ ಅಲ್ಲಿಂದಲೇ ಬಂದದ್ದು, ಆದ್ದರಿಂದಲೇ ಸ್ಪರ್ಧೆಯ ಸೈಕಲ್‌ಗಳಿಗೆ ಇಂದು ಸೀಟೇ ಇರುವುದಿಲ್ಲ. ನಾನು ಬೆಳಿಗ್ಗೆ ಅಭ್ಯಾಸ ಮಾಡುವ ಬಡಾವಣೆಯ ಮಕ್ಕಳು "ಅಣ್ಣಾ, ಸೀಟೆಲ್ಲಿ?" ಎಂದು ಕೇಳುವುದು ತಪ್ಪುವುದಿಲ್ಲ. ೨೦೦೯ರಲ್ಲಿ ಸ್ಕಾಟ್ಲೆಂಡಿನ ಡ್ಯಾನಿ ಮೆಕಾಸ್ಕಿಲ್ ಎಡಿನ್‌ಬರೋ ನಗರದ ಬೇಲಿ, ಗೋಡೆಗಳ ಮೇಲೆ ಸೈಕಲ್ ಓಡಿಸಿದ ವಿಡಿಯೊ ಲೋಕವನ್ನೆಲ್ಲ ಸುತ್ತಿದ ಮೇಲೆ ನಮ್ಮವರಿಗೂ ಇದರ ಹುಚ್ಚು ಹತ್ತಿತು. ಆ ಕೆಲವು ನಿಮಿಷಗಳ ಹಿಂದೆ ಹತ್ತು ವರ್ಷಕ್ಕೂ ಹೆಚ್ಚಿನ ಅಭ್ಯಾಸವಿತ್ತು ಎಂಬುದು ಮಾತ್ರ ಆ ವಿಡಿಯೊದಲ್ಲಿ ಕಾಣುವುದಿಲ್ಲ.

ಬ್ರೇಕಿನ ಮೇಲೆ ನನಗೇಕೆ ಇಷ್ಟು ಹಟ ಎಂಬುದಕ್ಕೆ ಪೆಡಲ್ ಕಿಕ್ ಎಂಬ ಒಂದೇ ಪಟ್ಟನ್ನು ಬಿಡಿಸಿ ನೋಡಿದರೆ ಸಾಕು. ಮುಂದಿನ ಚಕ್ರ ಗಾಳಿಯಲ್ಲಿದೆ, ಸವಾರ ಹಿಂದಿನ ಚಕ್ರವೊಂದರ ಮೇಲೆಯೇ ಬ್ರೇಕ್ ಹಿಡಿದು ನಿಂತಿದ್ದಾನೆ. ದೇಹ ತುಸು ಮುಂದಕ್ಕೆ ವಾಲುವ ಹೊತ್ತಿಗೆ ಸರಿಯಾಗಿ ಬ್ರೇಕ್ ಬಿಟ್ಟು, ಪೆಡಲನ್ನು ಕಾಲು ಸುತ್ತಿನಷ್ಟು ತುಳಿದು, ಆ ತಳ್ಳುವಿಕೆಯ ಜೊತೆಗೇ ಮೈಯನ್ನು ಮೇಲಕ್ಕೆತ್ತಿ ಹಾರಿ, ಹಿಂದಿನ ಚಕ್ರ ಎದುರಿನ ಕಲ್ಲನ್ನು ಮುಟ್ಟುವ ಕ್ಷಣದಲ್ಲಿ ಮತ್ತೆ ಬ್ರೇಕ್ ಹಿಡಿಯುತ್ತಾನೆ. ಹೀಗೆ ಪ್ರತಿ ನೆಗೆತವೂ ಬ್ರೇಕ್ ಬಿಡುವುದರಿಂದ ಶುರುವಾಗಿ ಬ್ರೇಕ್ ಹಿಡಿಯುವುದರಲ್ಲಿ ಮುಗಿಯುತ್ತದೆ. ಆ ಕೊನೆಯ ಹಿಡಿತದಲ್ಲಿ ಚಕ್ರ ನಾಲ್ಕು ಬೆರಳಿನಷ್ಟು ಜಾರಿದರೂ ಸವಾರ ಬೆನ್ನ ಮೇಲೆ ಬೀಳುತ್ತಾನೆ. ನನಗೆ ಇದು ಮೊದಲ ವರ್ಷವೇ ಅನುಭವಕ್ಕೆ ಬಂತು. ಅಗ್ಗವೆಂದು ಕೊಂಡ ಬ್ರೇಕಿನ ಲಿವರ್ ಬೆರಳಿನ ಒತ್ತಡಕ್ಕೆ ಬಾಗುತ್ತಿತ್ತು, ನಾನು ಅದನ್ನು ಗಮನಿಸಿಯೂ ಸುಮ್ಮನಿದ್ದೆ. ಮೊಣಕಾಲೆತ್ತರದ ಕಟ್ಟೆಯಿಂದ ಹಿಂದಕ್ಕೆ ಬಿದ್ದು ಮಣಿಕಟ್ಟಿಗೆ ಆರು ವಾರ ಪಟ್ಟಿ ಕಟ್ಟಿಕೊಂಡಿದ್ದೆ.

ಟ್ರಯಲ್ಸ್ ಸವಾರರು ಬಹಳ ಕಾಲದಿಂದ ನಂಬಿರುವುದು ರಿಮ್ಮನ್ನೇ ಹಿಡಿಯುವ ಹೈಡ್ರಾಲಿಕ್ (ದ್ರವದ ಒತ್ತಡದಿಂದ ಕೆಲಸ ಮಾಡುವ) ಬ್ರೇಕನ್ನು. ಜರ್ಮನಿಯ ಮಗುರಾ ಎಚ್ಎಸ್ ೩೩ ಇವುಗಳಲ್ಲಿ ಪ್ರಸಿದ್ಧ. ಅದರ ಹಿಡಿತವನ್ನು ಹೆಚ್ಚಿಸಲು ರಿಮ್ಮಿನ ಬದಿಗೆ ಆಂಗಲ್ ಗ್ರೈಂಡರ್‌ನಿಂದ ಅಡ್ಡಡ್ಡಲಾಗಿ ತೆಳುವಾದ ಗೀರುಗಳನ್ನು ಎಳೆಯುತ್ತಾರೆ. ಈಗ ಪರದೆಯ ಮೇಲೆ ಕಾಣುತ್ತಿರುವುದು ನನ್ನ ರಿಮ್. ಗೀರು ಮೇಲ್ಮೈಯಲ್ಲಷ್ಟೇ ಇರಬೇಕು, ಒಂದೇ ಕಡೆ ಗ್ರೈಂಡರ್ ನಿಂತರೆ ಅಲ್ಯೂಮಿನಿಯಂ ತೆಳುವಾಗಿ ರಿಮ್ಮೇ ಹಾಳಾಗುತ್ತದೆ. ಗೀರಿದ ರಿಮ್ ಬ್ರೇಕ್ ಪ್ಯಾಡನ್ನು ಬೇಗ ತಿನ್ನುತ್ತದೆ, ಬಳಸಿದಂತೆ ಗೀರುಗಳೂ ಸವೆದು ನುಣುಪಾಗುತ್ತವೆ, ಆಗ ಮತ್ತೆ ಗೀರಬೇಕು. ಡಿಸ್ಕ್ ಬ್ರೇಕ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಒಳ್ಳೆಯ ಡಿಸ್ಕ್ ಚೆನ್ನಾಗಿಯೇ ಹಿಡಿಯುತ್ತದೆ, ಆದರೆ ಚೈನಿನ ಎಣ್ಣೆ ಒಂದು ಹನಿ ತಾಗಿದರೂ ಅದರ ಪ್ಯಾಡ್ ಕೆಡುತ್ತದೆ.

ಬ್ರೇಕಿನ ನಂತರದ ಸ್ಥಾನ ಫ್ರೀವೀಲಿನದು, ಅಂದರೆ ತುಳಿದಾಗ ಕಚ್ಚಿಕೊಂಡು ಚಕ್ರವನ್ನು ಎಳೆದು, ತುಳಿಯದಿದ್ದಾಗ ಚಕ್ರವನ್ನು ತನ್ನಷ್ಟಕ್ಕೆ ತಿರುಗಲು ಬಿಡುವ ಭಾಗದ್ದು. ಇಲ್ಲಿ ನಮ್ಮವರು ಮಾಡುವ ಒಂದು ತಪ್ಪನ್ನು ಲೆಕ್ಕ ಹಾಕಿಯೇ ತೋರಿಸಬೇಕು. ನಮ್ಮ ಹಳೆಯ ಕಪ್ಪು ಸೈಕಲ್ಲಿಗೆ ಮುಂದೆ ೪೪, ಹಿಂದೆ ೧೮ ಹಲ್ಲಿನ ಚಕ್ರವಿದ್ದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ ಐದು ಮೀಟರಿಗಿಂತ ಹೆಚ್ಚು ದೂರ ಹೋಗುತ್ತದೆ. ಟ್ರಯಲ್ಸ್‌ನಲ್ಲಿ ೨೬ ಇಂಚಿನ ಸೈಕಲ್ಲಿಗೆ ಮುಂದೆ ೧೮, ಹಿಂದೆ ೧೫ ಹಾಕುವುದು ರೂಢಿ. ೨೦ ಇಂಚಿನದಕ್ಕೆ ೧೮ ಮತ್ತು ೧೨. ಎರಡರಲ್ಲೂ ಒಂದು ಸುತ್ತಿಗೆ ಸುಮಾರು ಎರಡೂವರೆ ಮೀಟರ್ ಅಷ್ಟೇ, ತುಳಿತ ಹಗುರ. ಈ ಹಗುರವಾದ ಗೇರನ್ನು ಮಾತ್ರ ಹಾಕಿಸಿಕೊಂಡು ಹಿಂದಿನ ಚಕ್ರದ ನಡುವಿನ ಹಬ್ಬಿನಲ್ಲಿ ಹಳೆಯ ಬಗೆಯ ಫ್ರೀವೀಲನ್ನೇ ಉಳಿಸಿಕೊಳ್ಳುವವರಿದ್ದಾರೆ. ಆ ಫ್ರೀವೀಲ್ ಸುತ್ತಿಗೆ ೧೮ ಕಡೆ ಕಚ್ಚುತ್ತದೆ ಎಂದಿಟ್ಟುಕೊಳ್ಳಿ, ಅಂದರೆ ಹಿಂದಿನ ಚಕ್ರದಲ್ಲಿ ೨೦ ಡಿಗ್ರಿಯಷ್ಟು ಸಡಿಲ. ಹಳೆಯ ಗೇರಿನಲ್ಲಿ ಅದು ಪೆಡಲಿಗೆ ಬರುವಾಗ ಸುಮಾರು ೮ ಡಿಗ್ರಿ ಮಾತ್ರ, ಹೊಸ ಗೇರಿನಲ್ಲಿ ಅದೇ ಸಡಿಲ ಹೆಚ್ಚುಕಡಿಮೆ ೧೭ ಡಿಗ್ರಿಯಾಗುತ್ತದೆ. ತುಳಿದಾಗ ಕಾಲು ಮೊದಲು ಖಾಲಿ ಜಾಗಕ್ಕೆ ಇಳಿದು ಆಮೇಲೆ ಚಕ್ರ ಎಳೆಯುತ್ತದೆ, ಅಷ್ಟರಲ್ಲಿ ನೆಗೆಯುವ ಹೊತ್ತು ಮೀರಿರುತ್ತದೆ.

ಟ್ರಯಲ್ಸ್ ಸೈಕಲ್‌ನಲ್ಲಿ ಫ್ರೀವೀಲನ್ನು ಪೆಡಲ್ ಕೂರುವ ತೋಳಾದ ಕ್ರ್ಯಾಂಕಿಗೇ ಕೂರಿಸಿ, ಹಿಂದಿನ ಹಬ್ಬಿಗೆ ಬಿಗಿಯಾದ ಹಲ್ಲುಚಕ್ರ ಹಾಕುತ್ತಾರೆ. ೧೦೮ ಕಡೆ ಕಚ್ಚುವ ಫ್ರೀವೀಲ್ ಕ್ರ್ಯಾಂಕಿನಲ್ಲಿದ್ದರೆ ಸಡಿಲ ೩ ಡಿಗ್ರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಹೊಸಬರಿಗೆ ೭೨ ಇದ್ದರೂ ಸಾಕು. ಚೈನಿನ ವಿಷಯದಲ್ಲಿ ಮಾತ್ರ ಜಿಪುಣತನ ಕೂಡದು, ಏಕೆಂದರೆ ಪೂರ್ತಿ ಬಲ ಹಾಕಿ ತುಳಿದ ಕ್ಷಣದಲ್ಲಿ ಚೈನ್ ತುಂಡಾದರೆ ಮುಖವೇ ಹ್ಯಾಂಡಲ್ಲಿಗೆ ಹೋಗುತ್ತದೆ. ಟೈರಿಗೆ ಗಾಳಿ ಕಡಿಮೆ ಇರಬೇಕು, ಹಿಂದಿನ ಎರಡೂವರೆ ಇಂಚಿನ ಟೈರಿಗೆ ನಾನು ೨೦ ಪಿಎಸ್ಐ ಸುತ್ತಮುತ್ತ ಇಡುತ್ತೇನೆ. ಪಂಕ್ಚರ್ ಅಂಗಡಿಯವರು ಪ್ರೀತಿಯಿಂದಲೇ ಗಟ್ಟಿಯಾಗಿ ತುಂಬಿಕೊಡುತ್ತಾರೆ, ಮನೆಗೆ ಬಂದು ಇಳಿಸಿಕೊಳ್ಳಬೇಕು. ಹೆಲ್ಮೆಟ್, ಮೊಣಕಾಲ ಕೆಳಗಿನ ಎಲುಬಿಗೆ ಗಾರ್ಡ್, ಇವಿಲ್ಲದೆ ಶುರು ಮಾಡಲೇಬೇಡಿ.

ಇನ್ನು ಅಭ್ಯಾಸ. ಎರಡೂ ಪೆಡಲ್ ನೆಲಕ್ಕೆ ಸಮಾನಾಂತರವಾಗಿರಲಿ, ಸಹಜವಾಗಿ ಯಾವ ಕಾಲು ಮುಂದೆ ಬರುತ್ತದೋ ಅದೇ ಮುಂದಿರಲಿ. ಹ್ಯಾಂಡಲನ್ನು ತುಸು ತಿರುಗಿಸಿ, ಬ್ರೇಕ್ ಹಿಡಿದು, ಭಾರವನ್ನು ಕೈಗಳ ಮೇಲಲ್ಲ, ಪಾದಗಳ ಮೇಲೆ ಹಾಕಿ ನಿಲ್ಲಬೇಕು. ಎರಡು ನಿಮಿಷ ನಿಲ್ಲಲು ಬರುವವರೆಗೆ ನಾನು ಯಾರಿಗೂ ನೆಗೆಯಲು ಹೇಳಿಕೊಡುವುದಿಲ್ಲ, ಇದರಿಂದ ಬೇಸತ್ತು ಬಿಟ್ಟುಹೋದವರೂ ಇದ್ದಾರೆ. ನಿಲ್ಲಲು ಬಾರದವನು ನೆಗೆದರೆ ಇಳಿದ ಮೇಲೆ ತನ್ನ ಮೈ ಎಲ್ಲಿದೆ ಎಂಬುದೇ ಅವನಿಗೆ ತಿಳಿಯುವುದಿಲ್ಲ, ಕಾಲು ತಾನಾಗಿ ನೆಲ ಹುಡುಕುತ್ತದೆ, ಆ ಅಭ್ಯಾಸ ಒಮ್ಮೆ ಅಂಟಿದರೆ ಬಿಡಿಸುವುದು ಬಹಳ ಕಷ್ಟ. ನಿಂತ ಮೇಲೆ ಎರಡೂ ಚಕ್ರಗಳಲ್ಲಿ ಕುಪ್ಪಳಿಸುವುದು, ನಂತರ ಹಿಂದಿನ ಚಕ್ರದ ಮೇಲೆ ಕುಪ್ಪಳಿಸುವುದು, ಆಮೇಲೆ ಪೆಡಲ್ ಕಿಕ್.

ಇದಕ್ಕೆಲ್ಲ ದೊಡ್ಡ ಬಂಡೆ ಬೇಕಿಲ್ಲ. ಫುಟ್‌ಪಾತಿನ ಅಂಚುಕಲ್ಲು, ಕಾರ್ಖಾನೆಗಳವರು ಬಿಸಾಡುವ ಮರದ ಪ್ಯಾಲೆಟ್, ಖಾಲಿ ನಿವೇಶನದಲ್ಲಿ ಪಾಯಕ್ಕೆಂದು ತಂದು ಹಾಕಿದ ಸೈಜುಗಲ್ಲು ಇವೇ ಒಂದು ವರ್ಷಕ್ಕೆ ಸಾಕು. ನಿವೇಶನದ ಯಜಮಾನರನ್ನೋ ಕಾವಲುಗಾರರನ್ನೋ ಮೊದಲೇ ಕೇಳಿಕೊಂಡರೆ ಬೇಡವೆನ್ನುವವರು ಕಡಿಮೆ. ಲಾಲ್‌ಬಾಗಿನ ಬಂಡೆಯ ಮೇಲೆ ಅಭ್ಯಾಸ ಮಾಡಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ಯಾವಾಗಲೂ ಒಂದೇ: ಅದು ಸುಮಾರು ೩೦೦ ಕೋಟಿ ವರ್ಷ ಹಳೆಯ ಶಿಲೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ನಮ್ಮ ಸೈಕಲ್ಲಿನ ಅಡಿಭಾಗವನ್ನು ಕಾಯುವ ಲೋಹದ ಬ್ಯಾಶ್ ಪ್ಲೇಟ್ ಅದನ್ನು ಮುಟ್ಟಕೂಡದು. ಕಲ್ಯಾಣಿಗಳ ಮೆಟ್ಟಿಲಿಗೂ ಇದೇ ಮಾತು ಅನ್ವಯಿಸುತ್ತದೆ.

ನಮ್ಮ ಬಡಾವಣೆಯ ಹುಡುಗನೊಬ್ಬ ಗೇರಿಲ್ಲದ ಸಾದಾ ಸೈಕಲ್ಲಿನ ಸೀಟನ್ನು ಪೂರ್ತಿ ಇಳಿಸಿಕೊಂಡು ನನ್ನ ಜೊತೆ ನಾಲ್ಕು ತಿಂಗಳಿಂದ ನಿಲ್ಲುವುದನ್ನಷ್ಟೇ ಅಭ್ಯಾಸ ಮಾಡಿದ್ದಾನೆ. ಕಳೆದ ಭಾನುವಾರ ಎರಡು ನಿಮಿಷ ದಾಟಿದ. ಅವನ ಸೈಕಲ್ಲಿನಲ್ಲಿ ರಿಮ್ಮನ್ನು ಎರಡೂ ಬದಿಯಿಂದ ಹಿಡಿಯುವ ವಿ-ಬ್ರೇಕ್ ಕೂರುವ ಬೋಲ್ಟಿನ ಜಾಗಗಳು ಇರುವುದರಿಂದ ನನ್ನ ಹಳೆಯ ಹೈಡ್ರಾಲಿಕ್ ಬ್ರೇಕ್ ಅಲ್ಲಿಗೆ ಕೂರುತ್ತದೆ. ಈ ವಾರ ಅವನ ಹಿಂದಿನ ರಿಮ್ ಬಿಚ್ಚಿ ನೋಡುತ್ತೇವೆ, ಅಲ್ಯೂಮಿನಿಯಂ ಆಗಿದ್ದರೆ ಗೀರುತ್ತೇವೆ, ಉಕ್ಕಿನದಾಗಿದ್ದರೆ ಮೊದಲು ರಿಮ್ ಬದಲಿಸಬೇಕಾಗುತ್ತದೆ.