ಬಡಗಲು ಯಾವ ಕಡೆ?

ಕೇಳುಗರೆಲ್ಲರಿಗೂ ನಮಸ್ಕಾರ. ಕಾನೂನು ಓದುವ ಮಕ್ಕಳಿಗೆ ಕೋರ್ಟಿನ ಕೆಲಸವನ್ನು ಕೈಯಾರೆ ಮಾಡಿಸಿ ಕಲಿಸುವ ಪಾಠಗಳ ಬಗ್ಗೆ ಮಾತಾಡಿ ಎಂದು ರೇಡಿಯೊ ನಿಲಯದವರು ಕರೆದಿದ್ದಾರೆ. ಮೂವತ್ತಾರು ವರ್ಷದಿಂದ ವಕೀಲಿಕೆ ಮಾಡುತ್ತಿದ್ದೇನೆ. ಶನಿವಾರ ಒಂದು ಕಾಲೇಜಿನಲ್ಲಿ ಡ್ರಾಫ್ಟಿಂಗ್, ಅಂದರೆ ಕಾನೂನಿನ ಕಾಗದಪತ್ರ ಬರೆಯುವ ಪಾಠವನ್ನೂ ಮಾಡುತ್ತೇನೆ. ಇರುವುದು ಸ್ವಲ್ಪವೇ ಹೊತ್ತು, ಹೇಳುವುದೂ ಒಂದೇ ಮಾತು. ಬಂದವರ ಕಥೆ ಮೊದಲು ಕೇಳಿ, ಆಮೇಲೆ ನಿಮ್ಮ ಕೈಯಲ್ಲೇ ಬರೆಯಿರಿ.

ಇದೇನು ಹೊಸ ಮಾತಲ್ಲ. ಬಾರ್ ಕೌನ್ಸಿಲ್‌ನ 2008ರ ನಿಯಮದಲ್ಲೇ ನಾಲ್ಕು ಪ್ರಾಯೋಗಿಕ ಪತ್ರಿಕೆ ಕಡ್ಡಾಯ. ವಾದಪತ್ರ ಮತ್ತು ದಸ್ತಾವೇಜು ಬರೆಯುವುದು ಒಂದು. ವಕೀಲರ ನಡವಳಿಕೆ ಮತ್ತು ಲೆಕ್ಕಪತ್ರ ಇನ್ನೊಂದು. ಕೋರ್ಟಿನ ಹೊರಗೆ ರಾಜಿ ಮಾಡಿಸುವುದು ಮತ್ತೊಂದು. ಅಣಕು ನ್ಯಾಯಾಲಯ, ಇಂಟರ್ನ್‌ಶಿಪ್ ಸೇರಿ ನಾಲ್ಕನೆಯದು. ಡ್ರಾಫ್ಟಿಂಗ್ ಪತ್ರಿಕೆಯಲ್ಲಿ ವಾದಪತ್ರ, ಅರ್ಜಿಗಳದ್ದು ಹದಿನೈದು ಅಭ್ಯಾಸ, ಕ್ರಯಪತ್ರ, ವಿಲ್ ಇಂಥವುಗಳದ್ದು ಇನ್ನೂ ಹದಿನೈದು. ಒಂದೊಂದಕ್ಕೆ ಮೂರು ಅಂಕ. ಕೊನೆಯ ಹತ್ತು ಅಂಕ ಮೌಖಿಕ ಪರೀಕ್ಷೆಗೆ.

ಆದರೆ ಮಕ್ಕಳು ಮಾಡುವುದೇನು? ಸೀನಿಯರ್ ಹುಡುಗನ ರೆಕಾರ್ಡ್ ಪುಸ್ತಕ ತಂದು ಒಂದೇ ರಾತ್ರಿ ಕೂತು ಮೂವತ್ತನ್ನೂ ಇಳಿಸುತ್ತಾರೆ. ಮೊನ್ನೆ ಒಬ್ಬ ನಿರೀಕ್ಷಣಾ ಜಾಮೀನಿನ, ಅಂದರೆ ಬಂಧನಕ್ಕೆ ಮೊದಲೇ ಕೇಳುವ ಜಾಮೀನಿನ ಅರ್ಜಿ ತಂದು ಕೊಟ್ಟ. ಮೇಲೆ ಇದ್ದದ್ದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 438ನೇ ಕಲಂ. ಅಪ್ಪಾ, 2024ರ ಜುಲೈ ಒಂದರಿಂದ ಹೊಸ ಸಂಹಿತೆ ಬಂದಿದೆ, ಈಗ ಅದು 482 ಅಂದೆ. ಅವನು, ‘ಸಾರ್, 482 ಅಂದ್ರೆ ಹೈಕೋರ್ಟಿನ ಅಧಿಕಾರ ಅಲ್ವಾ?’ ಅಂದ. ಹಳೆಯ ಪುಸ್ತಕದಲ್ಲಿ ಹೌದು. ಈಗ ಅದು 528. ನಕಲು ಮಾಡಿದವನಿಗೆ ಇದು ಹೇಗೆ ಗೊತ್ತಾಗಬೇಕು?

ಬೈಯುವುದಕ್ಕೆ ನನಗೇನು ಹಕ್ಕಿದೆ ಅಂತೀರಾ? ನನ್ನದೇ ಕಥೆ ಹೇಳುತ್ತೇನೆ, ಕೇಳಿ.

ನಾನು ಓದಿದ್ದು ಇಂಗ್ಲಿಷಿನಲ್ಲಿ, ಬೆಳೆದದ್ದು ಪೇಟೆಯಲ್ಲಿ. ಸನ್ನದು ಸಿಕ್ಕಿ ಮೂರು ತಿಂಗಳಾಗಿತ್ತು. ತಾಲ್ಲೂಕು ಕೇಂದ್ರದ ಮುನ್ಸಿಫ್ ಕೋರ್ಟಿನಲ್ಲಿ ನಮ್ಮ ಸೀನಿಯರ್ ಹತ್ತಿರ ಕೆಲಸ. ಒಬ್ಬ ಅಜ್ಜಿ ಬಂದರು. ಪಕ್ಕದ ಹೊಲದವನು ಬದು ಒಡೆದು ಎರಡು ಸಾಲು ಒಳಗೆ ಉತ್ತಿದ್ದಾನೆ, ತಡೆಯಾಜ್ಞೆ ಬೇಕು. ಸೀನಿಯರ್ ದಾವೆಯ ಸಂಗತಿಗಳನ್ನೆಲ್ಲ ಹೇಳಿ ಬರೆಸಿದರು. ‘ಷೆಡ್ಯೂಲ್ ನೀನೇ ಹಾಕಪ್ಪ, ಅಜ್ಜಿಯ ಹಳೇ ಕ್ರಯಪತ್ರದಲ್ಲಿ ಚೆಕ್ಕುಬಂದಿ ಇದೆ’ ಅಂದು ಊಟಕ್ಕೆ ಹೋದರು. ಷೆಡ್ಯೂಲ್ ಅಂದರೆ ವಾದಪತ್ರದ ಕೊನೆಯಲ್ಲಿ ಬರುವ ಆಸ್ತಿಯ ವಿವರ, ಚೆಕ್ಕುಬಂದಿ ಅಂದರೆ ನಾಲ್ಕೂ ದಿಕ್ಕಿನ ಗಡಿ. ಆಸ್ತಿಯ ದಾವೆಯಲ್ಲಿ ಆಸ್ತಿ ಯಾವುದು ಅಂತ ಗುರುತು ಸಿಗುವ ಹಾಗೆ ಬರೆಯಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 7 ರೂಲ್ 3. ಪರೀಕ್ಷೆಯಲ್ಲಿ ಇದನ್ನು ಚೆನ್ನಾಗಿಯೇ ಬರೆದಿದ್ದೆ.

ಕ್ರಯಪತ್ರ ತೆಗೆದರೆ ಮೂಡಲು, ಪಡುವಲು, ಬಡಗಲು, ತೆಂಕಲು ಅಂತಿದೆ. ಮೂಡಲು, ಪಡುವಲು ಹೇಗೋ ಗೊತ್ತಿತ್ತು. ಬಡಗಲು ಯಾವ ಕಡೆ? ತೆಂಕಲು ಯಾವ ಕಡೆ? ಎದುರಿಗೇ ಅಜ್ಜಿ ಕೂತಿದ್ದಾರೆ, ಎಲೆ ಅಡಿಕೆ ಹಾಕಿಕೊಂಡು. ಒಂದು ಮಾತು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಹೊಸ ಕರಿಕೋಟು ನೋಡಿ, ನಾಚಿಕೆ. ಬಡಗಲು ಅಂದರೆ ದಕ್ಷಿಣವೇ ಇರಬೇಕು ಅಂದುಕೊಂಡೆ. ‘ದಕ್ಷಿಣಕ್ಕೆ ಹಳ್ಳ, ಉತ್ತರಕ್ಕೆ ಪ್ರತಿವಾದಿಯ ಜಮೀನು’ ಅಂತ ಟೈಪ್ ಮಾಡಿಸಿಬಿಟ್ಟೆ. ಸೀನಿಯರ್ ಬರೆಸಿದ ಭಾಗದಲ್ಲಿ ಮಾತ್ರ ಪ್ರತಿವಾದಿ ದಕ್ಷಿಣದ ಬದು ಒಡೆದ ಅಂತ ಸರಿಯಾಗಿಯೇ ಇತ್ತು.

ತಡೆಯಾಜ್ಞೆ ಅರ್ಜಿ ವಿಚಾರಣೆಗೆ ಬಂತು. ಜಡ್ಜ್ ಸಾಹೇಬರು ವಾದಪತ್ರ ಓದಿದರು, ಪುಟ ತಿರುಗಿಸಿ ಷೆಡ್ಯೂಲ್ ನೋಡಿದರು, ಮತ್ತೆ ಹಿಂದಿನ ಪುಟಕ್ಕೆ ಹೋದರು. ಕನ್ನಡಕ ಕೆಳಗಿಳಿಸಿ, ‘ವಕೀಲರೇ, ನಿಮ್ಮ ಪ್ರತಿವಾದಿ ಹಳ್ಳದೊಳಗೆ ಉಳುತ್ತಿದ್ದಾನಾ?’ ಅಂದರು. ಇಡೀ ಕೋರ್ಟು ನಕ್ಕಿತು. ಅಜ್ಜಿಗೆ ಏನೂ ಅರ್ಥವಾಗದೆ ಅವರೂ ನಕ್ಕರು.

ಅವತ್ತು ತಡೆಯಾಜ್ಞೆ ಸಿಗಲಿಲ್ಲ. ಆರ್ಡರ್ 6 ರೂಲ್ 17ರ ಕೆಳಗೆ ತಿದ್ದುಪಡಿ ಅರ್ಜಿ ಹಾಕಿದೆವು. ಎದುರು ಪಕ್ಷಕ್ಕೆ ನೂರು ರೂಪಾಯಿ ಖರ್ಚು ಕೊಟ್ಟರೆ ತಿದ್ದಬಹುದು ಅಂತ ಆದೇಶವಾಯಿತು. ಅಜ್ಜಿ ಸೆರಗಿನ ಗಂಟು ಬಿಚ್ಚಲು ಹೋದರು. ಸೀನಿಯರ್ ನನ್ನ ಕಡೆ ನೋಡಿದರು. ನಾನೇ ಕೊಟ್ಟೆ. ಅಷ್ಟಕ್ಕೇ ಬಿಡಲಿಲ್ಲ ಅವರು. ಭಾನುವಾರ ಬಸ್ ಹತ್ತಿಸಿ ಹೊಲಕ್ಕೇ ಕಳಿಸಿದರು. ಅಜ್ಜಿ ಬದುವಿನ ಮೇಲೆ ನಿಂತು ಕೈ ಚಾಚಿ ತೋರಿಸಿದರು. ‘ನೋಡು ಮಗಾ, ಹೊತ್ತು ಹುಟ್ಟೋ ಕಡೆ ಮುಖ ಮಾಡ್ಕಂಡು ನಿಂತ್ಕೊ. ಎಡಗೈಗೆ ಬಡಗಲು, ಬಲಗೈಗೆ ತೆಂಕಲು.’ ಮೂರು ವರ್ಷ ಕಾಲೇಜಿನಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಕಥೆ ಜಾಸ್ತಿಯಾಯಿತು ಅಂತ ಕಾಣುತ್ತೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಇಂಟರ್ನ್‌ಶಿಪ್. ಮೂರು ವರ್ಷದ ಕೋರ್ಸಿಗೆ ಕನಿಷ್ಠ ಹನ್ನೆರಡು ವಾರ, ಐದು ವರ್ಷದ್ದಕ್ಕೆ ಇಪ್ಪತ್ತು. ದೊಡ್ಡ ಆಫೀಸಿನ ಸರ್ಟಿಫಿಕೇಟ್ ಬೇಕು ಅಂತ ಎಲ್ಲರಿಗೂ ಆಸೆ. ಅದರಲ್ಲಿ ಎರಡು ವಾರವಾದರೂ ತಾಲ್ಲೂಕು ಕೋರ್ಟಿನ ವಕೀಲರ ಜೊತೆ ಇರಿ. ಗುಮಾಸ್ತರ ಸ್ನೇಹ ಮಾಡಿ. ಕೋರ್ಟ್ ಫೀ ಲೆಕ್ಕ, ಕೋರ್ಟಿನ ಕಚೇರಿಯವರು ಎತ್ತುವ ಆಕ್ಷೇಪಣೆ, ಸಮನ್ಸ್ ಕಳಿಸಲು ಪ್ರೋಸೆಸ್ ಶುಲ್ಕ ಕಟ್ಟುವುದು, ಎಲ್ಲ ಅವರಿಗೆ ಬಾಯಿಪಾಠ.

ಚೆಕ್ ಬೌನ್ಸ್ ನೋಟಿಸ್ ಬರೆದು ನೋಡಿ. ಬ್ಯಾಂಕಿನಿಂದ ಸುದ್ದಿ ಬಂದ ಮೂವತ್ತು ದಿನದೊಳಗೆ ನೋಟಿಸ್ ಹೋಗಬೇಕು, ಅದು ಕೈಸೇರಿದ ಮೇಲೆ ಅವರಿಗೆ ಹದಿನೈದು ದಿನ ಕೊಡಬೇಕು. ಬಂದವರನ್ನು ತಾರೀಖು ಕೇಳದೆ ಇದನ್ನು ಬರೆಯಲು ಆಗುವುದೇ ಇಲ್ಲ. ಮತ್ತೆ ಅದೇ ಮಾತಾಯಿತು, ಅಲ್ವಾ?

ಪ್ರಿನ್ಸಿಪಾಲರು ಯಾರಾದರೂ ಕೇಳುತ್ತಿದ್ದರೆ ಒಂದು ವಿನಂತಿ. ಮೂವತ್ತರಲ್ಲಿ ಹತ್ತನ್ನಾದರೂ ಕ್ಲಾಸಿನಲ್ಲೇ, ನಿಮ್ಮ ಕಣ್ಣೆದುರೇ ಬರೆಸಿ. ಕನ್ನಡದಲ್ಲಿ ಬರೆಸಿ. ಕಾಲೇಜಿನ ಉಚಿತ ಕಾನೂನು ನೆರವಿನ ಕೇಂದ್ರಕ್ಕೆ ಬರುವವರ ಎದುರು ಮಕ್ಕಳನ್ನು ಕೂರಿಸಿ. ಅಲ್ಲಿ ಮಕ್ಕಳ ಕೆಲಸ ಕೇಳಿಸಿಕೊಳ್ಳುವುದು, ಭಾಷಣ ಮಾಡುವುದಲ್ಲ. ಭಾಷಣಕ್ಕೆ ನಾನಿದ್ದೇನೆ.

ಮಕ್ಕಳೇ, ನಿಮ್ಮ ಮನೆಯ ಟ್ರಂಕಿನಲ್ಲಿ ಹಳೆಯ ಕ್ರಯಪತ್ರವೋ ವಿಭಾಗಪತ್ರವೋ ಇದ್ದೇ ಇರುತ್ತದೆ. ಇವತ್ತು ಊಟವಾದ ಮೇಲೆ ಅದನ್ನು ತೆಗೆಯಿರಿ. ಅಜ್ಜನೋ ಅಜ್ಜಿಯೋ ಇದ್ದರೆ ಪಕ್ಕದಲ್ಲಿ ಕೂರಿಸಿಕೊಂಡು, ಒಂದು ಬಿಳಿ ಹಾಳೆಯ ಮೇಲೆ ಚೆಕ್ಕುಬಂದಿ ಬರೆಯಿರಿ. ಶನಿವಾರ ನನಗೆ ತೋರಿಸಿ. ನಮಸ್ಕಾರ.