ವಕೀಲರಿಲ್ಲದ ಪೋಟಗಿ ಅರ್ಜಿ: ಕಾಗದ ನಾವ ಹೊಂದಿಸಿದ ಬಗಿ

ಮೊದಲ ಹೇಳಿಬಿಡ್ತೀನಿ, ಈ ವಿಡಿಯೋದಾಗ ಕೋರ್ಟಿನ ಒಳಗಿನ ಒಂದು ದೃಶ್ಯಾನೂ ಇಲ್ಲ. ಅನುಮತಿ ಇಲ್ಲದ ಅಲ್ಲಿ ಕ್ಯಾಮೆರಾ ತಗಿಯೂ ಹಂಗಿಲ್ಲ. ಅದರಾಗೂ ಕೌಟುಂಬಿಕ ನ್ಯಾಯಾಲಯದಾಗ ಗಂಡ-ಹೆಂಡತಿ ಒಳಗ ಒಬ್ಬರು ಕೇಳ್ಕೊಂಡ್ರೂ ಸಾಕು, ವಿಚಾರಣಿ ಬಾಗಲಾ ಹಾಕಿ ನಡೀಬೇಕು, ಕಾಯ್ದೆನ ಹಂಗೈತಿ. ಅದಕ್ಕ ನಿಮಗ ಕಾಣೂದು ನಮ್ಮ ಮನಿ ಟೇಬಲ್ಲು, ಒಂದು ನೀಲಿ ಫೈಲು, ಪಂಚಿಂಗ್ ಮಷಿನ್ನು, ಟ್ಯಾಗ್ ದಾರ, ಮತ್ತ ನನ್ನ ತಂಗಿಯ ಕೈ. ಮುಖ ತೋರಸಬ್ಯಾಡ, ಹೆಸರೂ ಹೇಳಬ್ಯಾಡ ಅಂದಾಳ. ಬಿಡ್ರಿ, ಕೈ ಸಾಕು.

ಆಕಿ ಗಂಡನ ಮನಿ ಹಾವೇರಿ ಜಿಲ್ಲಾ, ಬ್ಯಾಡಗಿ ಕಡೆ. ಮಗಳನ್ನ ಕರಕೊಂಡು ಹುಬ್ಬಳ್ಳಿಗೆ ಬಂದು ನಮ್ಮ ಜೋಡಿನ ಅದಾಳ. ಅಂವ ರೊಕ್ಕ ಕಳಸೂದಿಲ್ಲ, ಫೋನ್ ಎತ್ತೂದಿಲ್ಲ. ಡೈವೋರ್ಸ್ ಬೇಕಂತ ಆಕಿ ಕೇಳಿಲ್ಲ. ಕೇಳಿದ್ದು ತನಗ ಮತ್ತ ಮಗಳಿಗೆ ಪೋಟಗಿ, ಅಂದ್ರ ಜೀವನಾಂಶ, ಅಷ್ಟ.

"ವಕೀಲರಿಲ್ಲದ ಕೋರ್ಟಿನ ಮೆಟ್ಟಲಾ ಹತ್ತತೀರೇನವಾ? ಒಳಗರ ಬಿಡ್ತಾರ?" ಅಂತ ನಮ್ಮ ಸೋದರಮಾವ ಕೇಳಿದ್ರು. ಬಿಡ್ತಾರ್ರಿ ಮಾಮಾ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಐತಲ್ಲ, ಅದರ 13ನೇ ಕಲಮಿನಾಗ ಬರದದ್ದ ಉಲ್ಟಾ: ಇಲ್ಲಿ ವಕೀಲರನ್ನ ಇಡೂದು ಯಾರ ಹಕ್ಕೂ ಅಲ್ಲ. ಬೇಕಂದ್ರ ಕೋರ್ಟಿನ ಅನುಮತಿ ತಗೋಬೇಕು. ಎಷ್ಟೋ ಮಂದಿ ಅನುಮತಿ ತಗೊಂಡು ಇಟ್ಕೋತಾರ, ಅದು ಬ್ಯಾರೆ ಮಾತು. ಆದ್ರ ಖುದ್ದು ನಿಂತು ಮಾತಾಡೂದು ಅಲ್ಲಿ ವಿಚಿತ್ರ ಅಲ್ಲ, ಆ ಕೋರ್ಟ್ ಹುಟ್ಟಿದ್ದ ಆ ಲೆಕ್ಕದಾಗ.

ಇನ್ನೊಂದು ಮಾತನ್ನೂ ಈಗಲ ಹೇಳಬೇಕು, ಯಾಕಂದ್ರ ಕಮೆಂಟಿನಾಗ ಯಾರರ ಕೇಳೇ ಕೇಳ್ತೀರಿ. ರೊಕ್ಕ ಇಲ್ಲಂತ ವಕೀಲರನ್ನ ಬಿಟ್ಟೀರಿ ಅಂದ್ರ, ಬಿಡಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ನೋಡದ ಪುಕ್ಕಟೆ ವಕೀಲರು ಸಿಗ್ತಾರ. 15100ಕ್ಕ ಫೋನ್ ಮಾಡ್ರಿ, ಇಲ್ಲಾ ಕೋರ್ಟಿನಾಗ ಇರೂ ಕಾನೂನು ಸೇವಾ ಸಮಿತಿಗೆ ಹೋಗ್ರಿ. ನಾವೂ ಮೊದಲ ಠರಾಯಿಸಿದ್ದು ಹಿಂಗ: ಅರ್ಜಿ, ಅಫಿಡವಿಟ್, ನೋಟಿಸು, ಇವಿಷ್ಟು ಕಾಗದದ ಕೆಲಸ ನಮ್ಮದು. ಪಾಟೀಸವಾಲು ಬಂತಂದ್ರ ಸಮಿತಿಯ ವಕೀಲರು. ಆಸ್ತಿ ಪಾಲು, ಮಗು ಯಾರ ಹತ್ರ ಇರಬೇಕು ಅನ್ನೂ ಜಗಳ, "ನಮ್ಮ ಮದವಿನ ಆಗಿಲ್ಲ" ಅನ್ನೂ ಗಂಡ, ಇಂಥಾವ್ರಾಗ ಸಿಕ್ಕೊಂಡವರು ಈ ವಿಡಿಯೋ ನೋಡಿ ಧೈರ್ಯ ಮಾಡಬ್ಯಾಡ್ರಿ.

ಈ ದೃಶ್ಯ ಹುಬ್ಬಳ್ಳಿ-ಧಾರವಾಡ ನಡುವ ಓಡೂ ಚಿಗರಿ ಬಸ್ಸಿನ ಕಿಟಕಿಯೊಳಗಿಂದು. ವಿದ್ಯಾನಗರ ದಾಟಾಕತ್ತೇವಿ. ಹುಬ್ಬಳ್ಳಿ ಕೋರ್ಟ್ ಅಂದ್ರ ಈಗ ತಿಮ್ಮಸಾಗರದ ಆ ಎತ್ತರದ ಹೊಸಾ ಕಟ್ಟಡ, 2018ರಾಗ ಉದ್ಘಾಟನೆ ಆದದ್ದು. ಹಾವೇರಿಗೆ ಯಾಕ ಹೋಗಲಿಲ್ಲ ಅಂದ್ರ, ಪೋಟಗಿ ಅರ್ಜಿಯನ್ನ ಹೆಂಡತಿ ತಾನು ಇರೂ ಊರಾಗ ಹಾಕಬಹುದು. ಮಂದಿ ಬಾಯಾಗ ಇನ್ನೂ "ನೂರಾ ಇಪ್ಪತ್ತೈದು" ಅಂತನ ಐತಿ, ಅಂದ್ರ ಹಳೇ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗೈತಿ. ಅರ್ಜಿ ತಲಿಮ್ಯಾಲ 144 ಅಂತ ಬರೀರಿ. ಯಾವ ಧರ್ಮದ ಹೆಂಡತಿಗೂ ಇದು ನಡೀತೈತಿ. ಹಿಂದ ತಿಂಗಳಿಗೆ 500 ರೂಪಾಯಿ ಮ್ಯಾಲ ಕೊಡೂ ಹಂಗಿರಲಿಲ್ಲ, ಆ ಮಿತಿ 2001ರಾಗ ಹೋತು.

ಅರ್ಜಿ ಕನ್ನಡದಾಗ ಬರದ್ರ ನಡೀತೈತಿ, ನಾವು ಬರದದ್ದೂ ಕನ್ನಡದಾಗ. ತಂಗಿ ಮೊದಲು ಬರದ ಪ್ರತಿ ನೋಡಿದ್ರ ನಿಮ್ಮ ಕಣ್ಣಾಗ ನೀರು ಬರ್ತಿದ್ವು. ಅತ್ತಿ ಹಾಲಿನ ಗಡಿಗಿಗೆ ಚಾವಿ ಹಾಕಿದ್ದು, ಪಂಚಮಿಗೆ ತವರಿಗೆ ಕಳಸದ ಇದ್ದದ್ದು, ಸೀಮಂತದ ಸೀರಿ ನಾದಿನಿ ಉಟ್ಕೊಂಡದ್ದು, ಎಲ್ಲಾ ಇತ್ತು. ನಾ ಪೆನ್ಸಿಲ್ ಹಿಡ್ಕೊಂಡು ಕುಂತೆ. "ಅಕ್ಕಾ, ಅದನ್ನ ಹೊಡೀಬ್ಯಾಡ, ಅದು ಖರೇನ ಆಗೈತಿ" ಅಂತಾಳ. ಖರೇನ ಆಗೈತಿ ತಂಗೀ, ಆದ್ರ ಜಡ್ಜ್ ಸಾಹೇಬ್ರು ಈ ಅರ್ಜಿಯಾಗ ಹುಡಕೂದು ನಾಕ ಮಾತು: ಮದವಿ ಆಗೈತೋ ಇಲ್ಲೋ, ಅಂವಗ ದುಡಿಮಿ ಐತೋ ಇಲ್ಲೋ, ಅಂವ ನೋಡ್ಕೊಳ್ಳೂದು ಬಿಟ್ಟಾನೋ ಇಲ್ಲೋ, ನಿನಗ ನಡಸ್ಕೊಂಡು ಹೋಗಾಕ ಸಾಧ್ಯ ಐತೋ ಇಲ್ಲೋ. ಸೀಮಂತದ ಸೀರಿ ಹೋತು. ಉಳದದ್ದು ಏನ್ ಗೊತ್ತೇನ್ರಿ? ಮಗಳ ಸಾಲಿ ಫೀ ಪಾವತಿ. ಹೋದ ವರ್ಷದ ತನಕ ಅಂವನ ಖಾತೆಯಿಂದ ಕಟ್ಟಿದ್ದು, ಈ ವರ್ಷ ನಮ್ಮಪ್ಪನ ಖಾತೆಯಿಂದ ಕಟ್ಟಿದ್ದು. ಎರಡೂ ಪಾವತಿ ಒಂದರ ಬಾಜೂಕ ಒಂದು ಇಟ್ರ, ಅಂವ ಯಾವಾಗ ಕೈ ಬಿಟ್ಟ ಅನ್ನೂದಕ್ಕ ಬ್ಯಾರೆ ಮಾತು ಬೇಕಿಲ್ಲ. ಅಳೂದನ್ನ ಬರದ್ರ ಎದುರಿನವರು ಅಲ್ಲಗಳೀತಾರ, ಪಾವತಿ ಅಲ್ಲಗಳಿಯೂದು ಕಷ್ಟ.

ಒಂದೊಂದು ಪ್ಯಾರಾಕ್ಕ ಒಂದ ಸಂಗತಿ, ಅದಕ್ಕ ಒಂದು ನಂಬರು, ಆದಷ್ಟು ಒಂದು ತಾರೀಖು. ಕಡೀಕ ಏನು ಬೇಕು ಅನ್ನೂದನ್ನ ರೂಪಾಯಿ ಲೆಕ್ಕದಾಗ: ತಂಗಿಗೆ ಇಷ್ಟು, ಮಗಳಿಗೆ ಇಷ್ಟು, ಬ್ಯಾರೆ ಬ್ಯಾರೆ. "ಕೋರ್ಟಿಗೆ ಸರಿ ಕಂಡಷ್ಟು" ಅಂತ ಬರದು ಕೈ ಕಟ್ಟಿ ಕೂಡಬ್ಯಾಡ್ರಿ. ಅಸಲು ಅರ್ಜಿ ಜೋಡಿನ ಮಧ್ಯಂತರ ಪೋಟಗಿಗೆ ಇನ್ನೊಂದು ಅರ್ಜಿ ಹಾಕೂದು ಮರೀಬ್ಯಾಡ್ರಿ. ಅಸಲು ಕೇಸು ಎಳಕೊಂಡು ಹೋಗತೈತಿ. ಮಧ್ಯಂತರದ್ದನ್ನ ಎದುರಿನವರಿಗೆ ನೋಟಿಸ್ ಮುಟ್ಟಿದ 60 ದಿನದಾಗ, ಸಾಧ್ಯ ಆದಷ್ಟು, ಮುಗಸಬೇಕಂತ ಕಾಯ್ದೆನ ಹೇಳತೈತಿ.

ಈಗ ಟೇಬಲ್ ಮ್ಯಾಲ ಕಾಣೂ ಈ ದಪ್ಪನ್ನ ಕಟ್ಟು. ನನ್ನ ಕೇಳಿದ್ರ ಇಡೀ ಕೇಸಿನ ಜೀವ ಇದರಾಗ ಐತಿ, ಅರ್ಜಿಯಾಗ ಅಲ್ಲ. ಆಸ್ತಿ ಮತ್ತ ಸಾಲದ ಅಫಿಡವಿಟ್. 2020ರ ನವೆಂಬರ್ 4ಕ್ಕ ಸುಪ್ರೀಂ ಕೋರ್ಟ್ ರಜನೀಶ್ ವಿರುದ್ಧ ನೇಹಾ ಅನ್ನೂ ಕೇಸಿನಾಗ ತೀರ್ಪು ಕೊಟ್ಟು, ಪೋಟಗಿ ಕೇಸಿನಾಗ ಗಂಡ-ಹೆಂಡತಿ ಇಬ್ಬರೂ ಇದನ್ನ ಕೊಡಾಕಬೇಕು ಅಂತ ಮಾಡೇತಿ. ನಮೂನೆನೂ ಅದ ತೀರ್ಪಿನ ಜೋಡಿ ಐತಿ. ಸಾಗುವಳಿ ಮಂದಿಗೆ ಬ್ಯಾರೆ ನಮೂನೆ. ಪಗಾರ, ಬ್ಯಾಂಕ್ ಖಾತೆ, ಬಂಗಾರ, ಗಾಡಿ, ಎಲ್‌ಐಸಿ, ಸಾಲ, ತಿಂಗಳ ಖರ್ಚು, ಯಾರ್ಯಾರನ್ನ ಸಾಕಬೇಕು, ಎಲ್ಲಾ ಕಾಲಮ್ ತುಂಬಬೇಕು.

ಇದನ್ನ ತುಂಬೂ ಮುಂದ ನಮ್ಮ ಮನಿಯಾಗ ದೊಡ್ಡ ಜಗಳಾನ ಆತು. ತಂಗಿ ಬ್ಲೌಸ್ ಹೊಲೀತಾಳ, ಫಾಲ್-ಪಿಕೋ ಮಾಡ್ತಾಳ. ಮಾಮಾ ಅಂತಾರ, "ಅದನ್ನ ಬರೀಬ್ಯಾಡ್ರಿ, ದುಡೀತಾಳಂತ ಗೊತ್ತಾದ್ರ ಪೋಟಗಿ ಸಿಗೂದಿಲ್ಲ." ಅವ್ವನೂ ಅವರ ಕಡೀನ. ಸುಳ್ಳು ಅದು. ಹೆಂಡತಿ ಏನರ ಸ್ವಲ್ಪ ದುಡದ ಮಾತ್ರಕ್ಕ ಪೋಟಗಿ ತಪ್ಪೂದಿಲ್ಲ ಅಂತ ಅದ ತೀರ್ಪಿನಾಗ ಐತಿ. ಹಬ್ಬದ ಮುಂದ ಹೆಚ್ಚು, ಆಷಾಢದಾಗ ಕಡಿಮಿ ಅಂತ ಇದ್ದದ್ದನ್ನ ಇದ್ದಂಗ ಬರದ್ವಿ. ಮುಚ್ಚಿಟ್ಟು ಪ್ರಮಾಣ ಮಾಡಿದ್ರ ಸುಳ್ಳು ಸಾಕ್ಷಿ ಅಂತ ಕ್ರಮ ಆಗಬಹುದು. ಅದಕ್ಕಿಂತ ಹೆಚ್ಚಾಗಿ, ಆಕಿ ಹೊಲಿಗಿ ಮಷಿನ್ ಕಂಡವರು ಊರ ತುಂಬ ಅದಾರ್ರಿ, ಮುಚ್ಚೂದು ಯಾರ ಕಡಿಂದ?

ಅಂವನ ಕಡಿ ದುಡಿಮಿ ತೋರಸೂದು ಹೆಂಗ? ಸ್ಕ್ರೀನ್ ನೋಡ್ರಿ, ಇದು ಭೂಮಿ ವೆಬ್‌ಸೈಟು. ಜಿಲ್ಲಾ, ತಾಲೂಕು, ಹೋಬಳಿ, ಊರು, ಸರ್ವೆ ನಂಬರ್ ಹಾಕಿದ್ರ ಪಹಣಿ ಯಾರಿಗರ ಕಾಣತೈತಿ. ಹೊಲ ತಂಗಿಯ ಮಾವನ, ಅಂದ್ರ ಅಂವನ ಅಪ್ಪನ, ಹೆಸರಿಗೆ ಐತಿ. ಅಷ್ಟಕ್ಕ ಅದು ಗಂಡನ ಆದಾಯ ಆಗೂದಿಲ್ಲ, ಆದ್ರ ಬೆಳಿ ಕಾಲಮಿನಾಗ ಮೆಣಸಿನಕಾಯಿ ಅಂತ ಇದ್ದಾಗ "ನಾ ಏನೂ ಮಾಡೂದಿಲ್ರಿ, ಮನಿಯಾಗ ಏನೂ ಇಲ್ಲ" ಅನ್ನೂ ಮಾತಿಗೆ ಧಾರಣಿ ಕಡಿಮಿ ಆಗತೈತಿ. ವಾಟ್ಸ್ಆ್ಯಪ್ ಮೆಸೇಜಿನ ಸ್ಕ್ರೀನ್‌ಶಾಟ್ ಕೊಡೂದಿದ್ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ, ಅಂದ್ರ ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕ ಕೊಡೂ ಪ್ರಮಾಣಪತ್ರ, ಹಚ್ಚಿ ಕೊಡ್ರಿ. ಕೌಟುಂಬಿಕ ನ್ಯಾಯಾಲಯ ಸಾಕ್ಷ್ಯದ ವಿಷಯದಾಗ ಸ್ವಲ್ಪ ಸಡಲ ಇರ್ತೈತಿ ಖರೆ, ಆದ್ರೂ ಹಚ್ಚೂದು ಚಲೋ. ಆ ಫೋನನ್ನೂ ಮಾರಾಕ ಹೋಗಬ್ಯಾಡ್ರಿ.

ಝೆರಾಕ್ಸ್ ಅಂಗಡಿ ಭಾಗ ಫಾಸ್ಟ್ ಮಾಡೇನಿ. ಕೋರ್ಟಿಗೆ ಒಂದು ಸೆಟ್, ಎದುರುದಾರಗ ಒಂದು, ನಮಗ ಒಂದು. ಮ್ಯಾಲ ಸೂಚಿಪಟ್ಟಿ, ಎಲ್ಲಾ ಹಾಳಿಗೂ ಪುಟಸಂಖ್ಯೆ, ಎಲ್ಲಾ ಹಾಳಿಗೂ ಸಹಿ. ಕೌಂಟರಿನಾಗ ತಪಾಸಣೆ ಮಾಡಿ ಏನರ ಕೊರತಿ ಇದ್ರ ಆಕ್ಷೇಪಣೆ ಬರೀತಾರ. ಅಂದ್ರ ಕೇಸು ಹೋತಂತಲ್ಲ, ಸರಿಪಡಿಸಿ ಕೊಡ್ರಿ ಅಂತ. ನಂಬರ್ ಬಿದ್ದ ದಿನ ಅವ್ವ ಕಾಗದ ನೋಡಿ ಗಾಬರಿ ಆದ್ಲು, "ಕ್ರಿಮಿನಲ್ ಅಂತ ಐತಲ್ಲವಾ, ಅಳಿಯಗ ಪೊಲೀಸರು ಹಿಡ್ಕೊಂಡು ಹೋಗ್ತಾರೇನು?" ಇಲ್ಲ. 144ನೇ ಕಲಂ ಇರೂದು ಕ್ರಿಮಿನಲ್ ಕೇಸು ನಡಸೂ ಸಂಹಿತೆಯಾಗ ಅಂತ ಕ್ರಿಮಿನಲ್ ಮಿಸಲೇನಿಯಸ್ ಅಂತ ನಂಬರ್ ಕೊಡ್ತಾರ, ಅಷ್ಟ. ಅವ್ವಗ ಇನ್ನೂ ಪೂರ್ತಿ ನಂಬಿಕಿ ಬಂದಿಲ್ಲ.

ನಂಬರ್ ಜೋಡಿ 16 ಅಕ್ಷರ-ಅಂಕಿಯ ಸಿಎನ್ಆರ್, ಅಂದ್ರ ಕೇಸಿನ ಗುರುತಿನ ಸಂಖ್ಯೆ, ಸಿಗತೈತಿ. ಅದನ್ನ ಇ-ಕೋರ್ಟ್ಸ್ ಆ್ಯಪಿನಾಗ ಹಾಕಿದ್ರ ಮುಂದಿನ ತಾರೀಖು, ಹಿಂದಿನ ತಾರೀಖಿಗೆ ಏನಾತು, ಎಲ್ಲಾ ಮನಿಯಾಗ ಕುಂತು ನೋಡಬಹುದು. ತಾರೀಖು ಕೇಳಾಕಂತ ಯಾರಿಗೂ ಚಾ ಕುಡಸೂ ಕಾರಣಿಲ್ಲ.

ಕೇಸು ನಿಲ್ಲೂದು ಬಹಳ ಮಾಡಿ ನೋಟಿಸಿನ ಹತ್ರ. ಅಂವ ಊರಾಗ ಇಲ್ಲ, ರಾಣೇಬೆನ್ನೂರಾಗ ಬಾಡಿಗಿ ಖೋಲಿ ಹಿಡದಾನ. ರಿಜಿಸ್ಟರ್ ಟಪಾಲು "ಬಾಗಿಲು ಹಾಕಿದೆ" ಅಂತ ಶೆರಾ ಹೊತ್ತು ವಾಪಸ್ ಬಂತು. ಊರ ಮನಿ, ಖೋಲಿ, ಕೆಲಸದ ಜಾಗಾ, ಗೊತ್ತಿದ್ದ ವಿಳಾಸ ಎಲ್ಲಾ ಕೊಟ್ಟು ಮತ್ತ ನೋಟಿಸ್ ಮಾಡಸ್ರಿ. ಬೇಕಂತನ ತಪ್ಪಿಸ್ಕೊಳ್ಳಾಕತ್ತಾನ ಅಂತ ಕೋರ್ಟಿಗೆ ಮನವರಿಕಿ ಆದ್ರ ಏಕಪಕ್ಷೀಯ ಆಗಿ, ಅಂದ್ರ ಅಂವ ಇಲ್ಲದ, ಮುಂದುವರಸಬಹುದು. ಅಂವ ಆಮ್ಯಾಲ ಬಂದು, 3 ತಿಂಗಳದಾಗ ಸರಿಯಾದ ಕಾರಣ ತೋರಿಸಿದ್ರ ಅದನ್ನ ರದ್ದು ಮಾಡಸಬಹುದು. ಅದಕ್ಕ ಏಕಪಕ್ಷೀಯ ಆದೇಶ ಬಂದ್ರ ಪೇಡೆ ಹಂಚಬ್ಯಾಡ್ರಿ, ಧಾರವಾಡದ್ದರ ಆಗ್ಲಿ. ನಮ್ಮ ಕೇಸಿನಾಗ ಕೆಲಸದ ಜಾಗಾದಾಗ ನೋಟಿಸ್ ಮುಟ್ಟಿತು.

ಅಂವ ಕೋರ್ಟಿಗೆ ಬಂದ ಮ್ಯಾಲ ಮೊದಲು ಸಮಾಲೋಚಕರ ಖೋಲಿ. ರಾಜಿಗೆ ಪ್ರಯತ್ನ ಮಾಡೂದು ಈ ಕೋರ್ಟಿನ ಕರ್ತವ್ಯ, ಅದ 1984ರ ಕಾಯ್ದೆಯ 9ನೇ ಕಲಂ. ಅಲ್ಲಿ ಆಡಿದ್ದು ಇಲ್ಲಿ ಹೇಳೂದಿಲ್ಲ. ಒಂದ ಮಾತು: ರಾಜಿ ಪತ್ರದಾಗ "ಮುಂದ ಯಾವ ಹಕ್ಕೂ ಇರೂದಿಲ್ಲ" ಅನ್ನೂ ಸಾಲು ಐತೇನು ನೋಡ್ರಿ. ಇದ್ರ ಅವತ್ತ ಸಹಿ ಮಾಡಬ್ಯಾಡ್ರಿ. ಮನಿಗೆ ಹೋಗಿ ಓದಿ, ಸಮಿತಿಯ ವಕೀಲರಿಗೆ ತೋರಿಸಿ, ಮುಂದಿನ ತಾರೀಖಿಗೆ ಹೇಳ್ತೀನಿ ಅನ್ರಿ. ತಂಗಿ ಹಂಗ ಅಂದ್ಲು. ಯಾರೂ ಬೈಲಿಲ್ಲ.

ರಾಜಿ ಆಗಲಿಲ್ಲ, ಮಧ್ಯಂತರ ಆದೇಶ ಬಂದೈತಿ. ಅಸಲು ಕೇಸು ಸಾಕ್ಷಿಗೆ ನಿಂತೈತಿ, ಸಮಿತಿಯಿಂದ ವಕೀಲರನ್ನ ಕೇಳೇವಿ. ಆದೇಶದ ಪ್ರತಿ ಪುಕ್ಕಟೆ ಕೊಡಬೇಕಂತ ಕಾಯ್ದೆಯಾಗನ ಐತಿ, ಕೇಳಿ ತಗೋರಿ. ಪೋಟಗಿ ಅರ್ಜಿ ಹಾಕಿದ ದಿನದಿಂದ ಲೆಕ್ಕ ಅಂತ ಅದ 2020ರ ತೀರ್ಪಿನಾಗ ಐತಿ, ಆದೇಶದಾಗ ತಾರೀಖು ಹಂಗ ಐತೇನು ನೋಡ್ಕೋರಿ. ರೊಕ್ಕ ಬ್ಯಾಂಕ್ ಖಾತೆಗೆ ಹಾಕಸ್ರಿ, ಕೈಯಾಗ ಇಸ್ಕೊಂಡ್ರ ಪುರಾವೆ ಇರೂದಿಲ್ಲ. ಒಂದು ತಿಂಗಳು ತಪ್ಪಿಸಿದ್ರ ವಸೂಲಿಗೆ ಅರ್ಜಿ ಹಾಕಬಹುದು. ವಾರಂಟ್ ಹೊರಡಿಸಿದ ಮ್ಯಾಲೂ ಕೊಡದಿದ್ರ ಬಾಕಿ ಇರೂ ಒಂದೊಂದು ತಿಂಗಳಿಗೆ 1 ತಿಂಗಳ ತನಕ ಜೈಲು ಆಗಬಹುದು. ಆದ್ರ ಬಾಕಿ ಬಿದ್ದ ದಿನದಿಂದ 1 ವರ್ಷದೊಳಗ ಆ ಅರ್ಜಿ ಹಾಕಬೇಕು. "ಇಂದು ಕೊಟ್ಟಾನು, ನಾಳೆ ಕೊಟ್ಟಾನು" ಅಂತ ವರ್ಷ ದಾಟಿಸಿದ್ರ ಹಳೇ ಬಾಕಿಗೆ ವಾರಂಟ್ ಸಿಗೂದಿಲ್ಲ. ಅದಕ್ಕ ತಂಗಿ ಪಾಸ್‌ಬುಕ್ ಎಂಟ್ರಿ ಮಾಡಸ್ಕೊಂಡು ಬಂದ ಕೂಡಲೆ ಕ್ಯಾಲೆಂಡರಿನಾಗ ಬಾರದ ತಿಂಗಳಿಗೆ ಕೆಂಪು ಪೆನ್ನಿಲೆ ಗೆರಿ ಎಳದು, ಬಾಜೂಕ ವರ್ಷ ಮುಗಿಯೂ ತಾರೀಖು ಬರೀತಾಳ. ಈ ತಿಂಗಳದ್ದು ಜಮಾ ಆಗೈತಿ.